ಪುಂಡಿನಾರಿನ ಕಾಗದಕ್ಕಾಗಿ ಚಿಂಚೋಳಿಗೆ

ಶಹಾಬಾದಿನಿಂದ ಚಿಂಚೋಳಿಗೆ ಹೋಗಿಬರಲು ಎಷ್ಟು ದಿನ ಬೇಕು ಎಂದು ಯಾರಾದರೂ ಕೇಳಿದರೆ, ನಿಮ್ಮ ಸಂಗಡ ನಮ್ಮ ಸೋದರಮಾವ ಇರುತ್ತಾರೋ ಇಲ್ಲವೋ ಅದನ್ನು ಮೊದಲು ಹೇಳಿರಿ ಎನ್ನುತ್ತೇನೆ. ಇಲ್ಲದಿದ್ದರೆ ಮೂರು ದಿನ ಸಾಕು. ಇದ್ದರೆ ಮನೆಯವರಿಗೆ ಹೇಳಬೇಕಾದದ್ದೆಲ್ಲ ಹೇಳಿ ಹೊರಡುವುದು ಒಳ್ಳೆಯದು. ನಾನು ಅಷ್ಟು ದೂರ ವಿಚಾರ ಮಾಡದೆ, ಐದು ದಿನದ ರಜೆ ಬರೆದುಕೊಟ್ಟು, ಕಾರ್ತಿಕ ಮುಗಿಯುತ್ತ ಬಂದ ಒಂದು ಸೋಮವಾರ ಬೆಳಿಗ್ಗೆ ಶಹಾಬಾದ ಸ್ಟೇಶನ್ನಿನಲ್ಲಿ ಹೋಗಿ ನಿಂತೆ.

ಕೈಯಲ್ಲಿ ಬಣ್ಣದ ಪೆಟ್ಟಿಗೆ, ಬಗಲಲ್ಲಿ ಎರಡೂವರೆ ಅಡಿ ಉದ್ದದ ಡ್ರಾಯಿಂಗ್ ಹಲಗೆ, ಹೆಗಲ ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟ ದಶಮಿ ಮತ್ತು ಶೇಂಗಾ ಹಿಂಡಿ. ದಶಮಿ ಎಂದರೆ ನೀರು ಸೋಕಿಸದೆ ಹಾಲಿನಲ್ಲೇ ಕಲಸಿ ಮಾಡಿದ ರೊಟ್ಟಿ. ನಮ್ಮಂಥ ವೈಷ್ಣವರ ಮನೆಗಳಲ್ಲಿ ಪ್ರಯಾಣಕ್ಕೆ ಅದೇ ಗತಿ. ಮೊದಲ ದಿನ ಅಮೃತ, ಎರಡನೆಯ ದಿನ ಊಟ, ಮೂರನೆಯ ದಿನಕ್ಕೆ ಅದರ ಮೇಲೆ ಕಾಗದ ಹಚ್ಚಿ ಚಿತ್ರ ಬರೆಯಬಹುದು.

ನಾನು ಶಹಾಬಾದಿನ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಆರು ವರ್ಷದಿಂದ ಹಂಗಾಮಿ. ಆರು ವರ್ಷದ ಮೇಲೆ ಹೈದರಾಬಾದಿನ ಮೇಲಿನ ಕಚೇರಿಯಿಂದ ಒಂದು ಹುಕುಂ ಬಂದಿತ್ತು: ನಿಮ್ಮ ಸೀಮೆಯ ನಾಲ್ಕು ದೃಶ್ಯಗಳನ್ನು ನೀರುಬಣ್ಣದಲ್ಲಿ, ದೊಡ್ಡ ಹಾಳೆಯ ಮೇಲೆ ಬರೆದು ಮೂರು ತಿಂಗಳೊಳಗೆ ಕಳಿಸಬೇಕು. ಮನಸ್ಸಿಗೆ ಬಂದರೆ ಖಾಯಂ ಮಾಡುತ್ತೇವೆ, ಬಾರದಿದ್ದರೆ ಆ ಕುರ್ಚಿಗೆ ಬೇರೆಯವರು ಬರುತ್ತಾರೆ. ಬೇರೆಯವರು ಬಂದರೆ ನಾನು ಹೋಗುವುದು ತೆಂಗಳಿಗೆ. ಅಲ್ಲಿ ಗುಡಿಯ ಪೂಜೆ ಮಾಡುವ ನಮ್ಮಣ್ಣ ಪ್ರತಿ ಪತ್ರದಲ್ಲೂ, "ಚಿತ್ರ ಬರೆದು ಯಾರ ಹೊಟ್ಟಿ ತುಂಬ್ಯಾದ? ಇಲ್ಲಿ ಬಾ, ಗಂಧ ತೇಯಲಿಕ್ಕ ಒಬ್ಬರು ಬೇಕಾಗ್ಯಾರ" ಎಂದು ಬರೆಯುತ್ತಿದ್ದ. ಗಂಧ ತೇಯುವುದರಲ್ಲಿ ತಪ್ಪೇನಿಲ್ಲ. ಆದರೆ ಅಣ್ಣನ ಕಣ್ಣ ಮುಂದೆ ಕುಳಿತು ತೇಯುವುದಿದೆಯಲ್ಲ, ಅದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಬರೆಯುವುದು ಗೊತ್ತಿತ್ತು, ಬಣ್ಣವೂ ಇತ್ತು. ಇಲ್ಲದ್ದು ಕಾಗದ. ಲಡಾಯಿ ಶುರುವಾದ ಮೇಲೆ ವಿಲಾಯತಿ ಕಾಗದದ ಹಡಗು ಬರುವುದು ನಿಂತಿತು. ಹೈದರಾಬಾದಿನ ಅಂಗಡಿಯವನಿಗೆ ಬರೆದರೆ, ಬಾಂಬು ಬೀಳುವ ಕಾಲದಲ್ಲಿ ಚಿತ್ರ ಬರೆಯುವವರೂ ಇದ್ದಾರೆಯೇ ಎಂದು ತಿರುಗಿ ಬರೆದ. ಗಿರಣಿ ಕಾಗದಕ್ಕೆ ಒದ್ದೆ ಕುಂಚ ತಾಗಿಸಿದರೆ ಹಂಚಿನ ಮೇಲಿನ ಹಪ್ಪಳದಂತೆ ಸುರುಳಿ ಸುತ್ತಿಕೊಳ್ಳುತ್ತದೆ. ನೀರುಬಣ್ಣಕ್ಕೆ ದಪ್ಪ ಕಾಗದ ಬೇಕು, ಮೈ ಕೊಂಚ ಒರಟಿರಬೇಕು, ನೀರನ್ನು ಮೆಲ್ಲಗೆ ಕುಡಿಯಬೇಕು, ಆದರೆ ನೆನೆದು ಮುದ್ದೆಯಾಗಬಾರದು. ಆಗ ನೆನಪಾದವರು ಸೇಡಮಿನ ಸೋದರಮಾವ ಶ್ರೀಪತಿರಾಯರು. ಅವರು ಕಚೇರಿಯ ಕಟ್ಟೆಯ ಮೇಲೆ ಕುಳಿತು ಮಂದಿಗೆ ಅರ್ಜಿ ಬರೆದುಕೊಡುವವರು. ಚಿಂಚೋಳಿಯಲ್ಲಿ ಪುಂಡಿಯ ನಾರಿನಿಂದ ಕಾಗದ ಮಾಡುವ ಒಂದು ಮನೆತನ ಇನ್ನೂ ಉಳಿದಿದೆ, ತಮ್ಮ ಕೈಬರಹ ನಿಂತಿರುವುದೇ ಆ ಕಾಗದದ ಮೇಲೆ ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ಹನ್ನೆರಡು ದೊಡ್ಡ ಹಾಳೆ, ದಪ್ಪನಾದದ್ದು, ನೀರುಬಣ್ಣಕ್ಕೆ ಬೇಕು ಎಂದು ನಾನು ಅವರಿಗೆ ಬರೆದೆ. ನೀ ಚಿಂತಿ ಮಾಡಬ್ಯಾಡ, ನಾ ಅವರಿಗೆ ಎಲ್ಲಾ ತಿಳಿಸಿ ಬರೀತೀನಿ ಎಂದು ಮಾವ ಉತ್ತರಿಸಿದರು. ಎರಡು ತಿಂಗಳ ನಂತರ ಕಾಗದ ತಯಾರಾಗಿದೆ ಎಂದು ಸುದ್ದಿ ಬಂತು.

ಶಹಾಬಾದಿನಿಂದ ವಾಡಿಗೆ ಏಳೆಂಟು ಮೈಲಿ. ಬೊಂಬಾಯಿ ಕಡೆಯ ಗಾಡಿ ನಮ್ಮನ್ನು ಅಲ್ಲಿ ಇಳಿಸಿ ಹೋಗುತ್ತದೆ. ನಿಜಾಮರ ಗಾಡಿ ಅಲ್ಲಿಂದ ಎತ್ತಿಕೊಳ್ಳುತ್ತದೆ. ಈ ಇಳಿಸುವುದು ಎತ್ತಿಕೊಳ್ಳುವುದರ ನಡುವೆ ಮನುಷ್ಯ ಏನು ಮಾಡಬೇಕೆಂಬುದನ್ನು ಯಾವ ವೇಳಾಪತ್ರಿಕೆಯಲ್ಲೂ ಬರೆದಿಲ್ಲ. ಒಂದು ಖಿಡಕಿಯಲ್ಲಿ ಇಂಗ್ರೇಜಿ ಸರಕಾರದ ಕಲ್ದಾರ್ ರೂಪಾಯಿ ಕೇಳುತ್ತಾರೆ, ಇನ್ನೊಂದರಲ್ಲಿ ನಿಜಾಮರ ಹಾಲಿ ಸಿಕ್ಕ. ನನ್ನ ಜೇಬಿನಲ್ಲಿ ಯಾವಾಗಲೂ ಆ ಖಿಡಕಿಗೆ ಬೇಡವಾದದ್ದೇ ಇರುತ್ತದೆ. ಸಿಪಾಯಿಗಳಿಂದ ತುಂಬಿದ ಎರಡು ಗಾಡಿಗಳು ಮುಂದೆ ಹೋಗುವವರೆಗೆ ನಮ್ಮ ಗಾಡಿಯನ್ನು ತಡೆದು ನಿಲ್ಲಿಸಿದ್ದರು. ನಾನು ಸ್ಟೇಶನ್ನಿನ ಫಲಾಟಿನ ಮೇಲೆ ಧೂಳು, ಬಿಸಿಲು, ನೊಣ ಮೂರನ್ನೂ ಸೇವಿಸುತ್ತ ನಾಲ್ಕು ತಾಸು ಕುಳಿತೆ.

ಕುಳಿತೆ ಎಂದೆನಲ್ಲ, ಹಲಗೆಯ ಮೇಲೆ ಕುಳಿತದ್ದು ನಾನಲ್ಲ. ಕೊಡ್ಲಿ ಊರಿನ ಕಡೆಯ ಒಬ್ಬ ಮುದುಕಿ ಬಂದು, "ತಮ್ಮಾ, ಆ ಮಣಿ ಕೊಡು, ನೆಲ ಸುಡಲಿಕತ್ತದ" ಎಂದು ತಾನೇ ಎಳೆದುಕೊಂಡು ಕುಳಿತಳು. ಇದು ಮಣೆಯಲ್ಲ, ಚಿತ್ರ ಬರೆಯುವ ಹಲಗೆ ಎಂದೆ. ಕುಂತರ ಏನು ಸವಿತದೇನು ಎಂದಳು. ಎಲ್ಲಿಗೆ ಹೊರಟೆ ಎಂದು ಕೇಳಿದಳು, ಪುಂಡಿ ಕಾಗದ ತರಲು ಎಂದೆ. ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಪುಂಡಿ ಪಲ್ಯ ಮಾಡತಾರ, ಹಗ್ಗ ಹೊಸಿತಾರ. ಅದರ ಮ್ಯಾಲ ಬರೀತಾರ ಅಂತ ಇವತ್ತೇ ಕೇಳಿದೆ. ನಿನಗ ಮನ್ಯಾಗ ಯಾರೂ ಕೇಳೋರು ಇಲ್ಲೇನು?"

ಗಾಡಿಯಲ್ಲಿ ಆ ಹಲಗೆಯದೇ ಕಥೆ. ಇಬ್ಬರು ಇಸ್ಪೀಟು ಆಡಲು ಕೇಳಿದರು, ಒಬ್ಬ ಕ್ಯಾರಂ ಬೋರ್ಡಿಗೆ ತೂತು ಯಾಕಿಲ್ಲ ಎಂದು ಕೇಳಿದ. ಚಿತ್ತಾಪುರದಲ್ಲಿ ಗಾಡಿ ನಿಂತಾಗ ಒಬ್ಬ ಗೃಹಸ್ಥರು ಅದರ ಮೇಲೆ ಎಲೆ ಅಡಿಕೆ ಹರವಿಕೊಂಡು ಸುಣ್ಣ ಹಚ್ಚತೊಡಗಿದರು. ಆ ಸುಣ್ಣದ ಕಲೆ ಇವತ್ತಿಗೂ ಇದೆ. ಸೇಡಮಿಗೆ ಬಂದಾಗ ಸಂಜೆಯಾಗಿತ್ತು. ಮಾವ ಸ್ಟೇಶನ್ನಿಗೆ ಬಂದಿರಲಿಲ್ಲ, ಗಾಡಿ ಹೊತ್ತಿಗೆ ಬರುತ್ತದೆಂದು ತಿಳಿದು ಮಧ್ಯಾಹ್ನವೇ ಬಂದು ಬೇಸತ್ತು ಹೋಗಿದ್ದರಂತೆ. ಆ ಒಂದು ದಿನ ತಪ್ಪು ಅವರದಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಮಂಗಳವಾರದ ತಪ್ಪೆಲ್ಲ ಅವರದೇ. ಚಿಂಚೋಳಿಯ ಬಸ್ಸು ಬೆಳಿಗ್ಗೆ ಏಳಕ್ಕೆ. ನಾನು ಆರಕ್ಕೇ ಸ್ನಾನ, ಸಂಧ್ಯಾವಂದನೆ ಮುಗಿಸಿ ನಿಂತರೆ, ಮುಧೋಳದಿಂದ ಒಬ್ಬ ಕಕ್ಷಿದಾರ ಬಂದು ಪಡಸಾಲೆಯಲ್ಲಿ ಕುಳಿತಿದ್ದ. ಮಾವ ಅವನ ಹೊಲದ ಬದುವಿನ ತಂಟೆಯನ್ನು ಅವನ ಮುತ್ತಜ್ಜನ ಕಾಲದಿಂದ ಕೇಳುತ್ತಿದ್ದರು.

"ಮಾಮಾ, ಬಸ್ಸು" ಎಂದೆ.

"ಬಸ್ಸು ಎಲ್ಲಿ ಹೋಗತದೋ ರಾಘೂ. ಇದ್ದಿಲಿನ ಬಸ್ಸದು, ಬೆಂಕಿ ಹತ್ತಬೇಕು, ಹೊಗಿ ಏಳಬೇಕು, ಆಮ್ಯಾಲ ಅದರ ಮನಸ್ಸು ಬರಬೇಕು. ನೀ ಕುಂದರು, ಚಹಾ ಕುಡಿ."

ಆ ಮಾತು ನಿಜವಾಯಿತು, ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಿತು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸಿನ ಹಿಂದೆ ಒಂದು ಕಬ್ಬಿಣದ ಒಲೆ ಕಟ್ಟಿ, ಇದ್ದಿಲು ಸುಟ್ಟು, ಆ ಹೊಗೆಯಿಂದಲೇ ಯಂತ್ರ ನಡೆಸುತ್ತಿದ್ದರು. ಒಂಬತ್ತಕ್ಕೆ ಹೊರಟೆವು. ಇಪ್ಪತ್ತಕ್ಕೂ ಮಿಕ್ಕ ಮೈಲಿಯ ದಾರಿ. ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು, ಬಿಳಿಜೋಳ ಮೊಣಕಾಲುದ್ದ ಬಂದಿತ್ತು, ಹೊಲದ ಅಂಚಿಗೆ ಪುಂಡಿ ಆಳೆತ್ತರ ಒಣಗಿ ನಿಂತಿತ್ತು. ಪ್ರತಿ ಏರಿಗೂ ಗಂಡಸರೆಲ್ಲ ಇಳಿದು ದಬ್ಬಬೇಕು. ನಾನು ದಬ್ಬಿದೆ. ಮಾವ ಇಳಿಯಲಿಲ್ಲ, ತಮಗೆ ಮೊಣಕಾಲು ನೋವು ಎಂದರು. ಮುಂದಿನ ಊರಲ್ಲಿ ಪರಿಚಯದವರು ಕಂಡಾಗ ಅದೇ ಮೊಣಕಾಲಿನಿಂದ ಟಣ್ಣನೆ ಜಿಗಿದು ಹೋಗಿ ಅರ್ಧ ತಾಸು ಮಾತಾಡಿ ಬಂದರು. ಡ್ರಾಯವರನೂ ಅವರಿಗಾಗಿ ಕಾದ. ಅವನ ಅರ್ಜಿ ಬರೆದವರೂ ಇವರೇ ಅಂತೆ.

ದಾರಿಯುದ್ದಕ್ಕೂ ಮಾವನಿಗೆ ಒಂದೇ ಸಂತೋಷ. "ರಾಘೂ, ನೀ ಆ ಕಾಗದ ನೋಡಿದರ ಕಣ್ಣು ತಿರುಗತಾವ ನೋಡು. ಎಂಥಾ ಕಾಗದ ಹೇಳೀನಿ ಅಂದಿ!" ಎಂದು ಹೇಳುತ್ತಲೇ ಇದ್ದರು. ಕಣ್ಣು ತಿರುಗಿದ್ದು ಖರೆ, ಅದಕ್ಕೆ ಇನ್ನೂ ಒಂದು ದಿನ ಇತ್ತು.

ಮೂರು ಹೊಡೆದಾಗ ಚಿಂಚೋಳಿ ಮುಟ್ಟಿದೆವು. ಮಾವನ ಪರಿಚಯದ ಹನುಮಪ್ಪನ ಗುಡಿಯ ಆಚಾರ್ಯರ ಮನೆಯಲ್ಲಿ ಇಳಿದೆವು. ಮನೆಯಾಕೆ ಪಾಪ ಒಳ್ಳೆಯವಳು, ಬಿಸಿ ಜೋಳದ ರೊಟ್ಟಿಗೆ ಪುಂಡಿ ಪಲ್ಯ ಬಡಿಸಿದಳು. ರಾತ್ರಿ ಊಟಕ್ಕೆ ಪುಂಡಿ ಚಟ್ನಿ. ಬೆಳಿಗ್ಗೆ ಫಳಾರಕ್ಕೆ ಏನು ಎಂದು ನಾನು ಕೇಳಲಿಲ್ಲ, ತಾಟು ನೋಡಿದರೆ ಗೊತ್ತಾಯಿತು. ಹಲ್ಲೆಲ್ಲ ಹುಳಿಯೇರಿ, ಬುಧವಾರ ಬೆಳಿಗ್ಗೆ ನಾವು ಮುಲ್ಲಾಮಾರಿ ಹೊಳೆಯ ದಂಡೆಗೆ ಹೋದೆವು.

ಕಾಗದ ಮಾಡುವ ಮನೆ ಹೊಳೆಗೆ ಹತ್ತಿದಂತೆಯೇ ಇತ್ತು. ಮನೆಯ ಯಜಮಾನ ಇಸ್ಮಾಯಿಲ್ ಚಾಚಾ, ಎಪ್ಪತ್ತರ ಹತ್ತಿರದವರು, ಕೈ ಮೊಣಕೈತನಕ ಬಿಳಿಚಿಕೊಂಡಿತ್ತು. ಅವರ ಹೆಂಡತಿ ಹಲೀಮಾ ಬೀ ಬಾಗಿಲ ಮರೆಯಿಂದ ನೋಡಿ, ಮಾವನ ಗುರುತು ಹಿಡಿದು ಹೊರಗೆ ಬಂದರು. "ಬರ್ರಿ ರಾಯರ, ಬರ್ರಿ ಮಾಸ್ತರಸಾಬ್, ಕುಂದರ್ರಿ" ಎಂದು ಚಾಚಾ ಚಾಪೆ ಹಾಸಿದರು. ಕಾಗದ ತೋರಿಸಿರಿ ಎಂದೆ. ಅಷ್ಟು ಅವಸರ ಮಾಡಿದರೆ ಆ ಮನೆಯಲ್ಲಿ ಅಪಮಾನ. ಮೊದಲು ಕೆಲಸ ತೋರಿಸಬೇಕು, ಆಮೇಲೆ ಕಾಗದ.

ತೋರಿಸಿದರು. ಪುಂಡಿಯ ಕಟ್ಟಿಗೆಯನ್ನು ಹೊಳೆಯಲ್ಲಿ ಕಲ್ಲು ಹೇರಿ ಇಪ್ಪತ್ತು ದಿನ ಕೊಳೆಸುವುದು, ತೊಗಟೆ ಸುಲಿದು ನಾರು ತೆಗೆಯುವುದು, ಸುಣ್ಣದ ನೀರಿನಲ್ಲಿ ನೆನೆಸುವುದು, ಕಾಲಿನಿಂದ ತುಳಿಯುವ ದೊಡ್ಡ ಒನಕೆಯಲ್ಲಿ ದಿನಗಟ್ಟಲೆ ಕುಟ್ಟುವುದು, ಹೊಳೆಯಲ್ಲಿ ತೊಳೆಯುವುದು, ಮತ್ತೆ ಕುಟ್ಟುವುದು. ಆಮೇಲೆ ಆ ಮುದ್ದೆಯನ್ನು ನೆಲದಲ್ಲಿ ಕಟ್ಟಿದ ಹೌದಿನ, ಎಂದರೆ ತೊಟ್ಟಿಯ, ನೀರಿನಲ್ಲಿ ಕಲಸಿ, ಹುಲ್ಲುಕಡ್ಡಿಯ ಚಾಪೆಯಿಂದ ಮೊಸರಿನ ಕೆನೆಯಂತೆ ಎತ್ತುವುದು. ಎತ್ತಿದ ಹಾಳೆಯನ್ನು ಗೋಡೆಗೆ ಅಂಟಿಸಿ ಒಣಗಿಸುವುದು. ಬೇಡವಾದ ಹಳೆಯ ಕಾಗದ, ಹರಿದ ಗೋಣಿತಟ್ಟು, ಹಗ್ಗದ ಚೂರು ಏನಿದ್ದರೂ ಮತ್ತೆ ಹೌದಿಗೇ ಬೀಳುತ್ತದೆ. ಆ ಮನೆಯಲ್ಲಿ ಕಸ ಎಂಬುದೇ ಇರಲಿಲ್ಲ. ನನಗೆ ಮನಸ್ಸಿನಲ್ಲೇ ಕುಣಿಯುವಂತಾಯಿತು. ಇಷ್ಟು ಉದ್ದನೆಯ ನಾರಿನ ಕಾಗದ ಎಷ್ಟು ನೀರು ಸುರಿದರೂ ಹರಿಯುವುದಿಲ್ಲ.

ಅಷ್ಟರಲ್ಲಿ ಮಾವ ನನ್ನ ಕಿವಿಯಲ್ಲಿ, ಅಂಟಿಗೆ ಏನು ಹಾಕುತ್ತಾರೆ ಕೇಳಿಬಿಡು, ಚರ್ಮದ ಸರೇಸು ಇದ್ದರೆ ನಮಗೆ ಮುಟ್ಟಲು ಬಾರದು ಎಂದರು. ಪಿಸುಮಾತು ಅವರಿಗೆ ಬರುವುದಿಲ್ಲ, ಹೊಳೆಯ ಆಚೆಗೂ ಕೇಳಿಸಿರಬೇಕು. ಚಾಚಾ ನಕ್ಕರು.

"ರಾಯರ, ನಮ್ಮದು ಅಕ್ಕಿ ಗಂಜಿ. ನಾರೂ ಗಿಡದ್ದು, ಅಂಟೂ ಗಿಡದ್ದು. ಸರೇಸು ಹಾಕೋರು ವಿಲಾಯತಿ ಮಂದಿ. ಮಾಸ್ತರಸಾಬ್ ಇಷ್ಟು ದಿನ ಬರದದ್ದು ದನದ ಚರ್ಮದ ಅಂಟಿನ ಮ್ಯಾಲ."

ನಾನು ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡಿಕೊಳ್ಳುವವನು, ಹನ್ನೆರಡು ವರ್ಷದಿಂದ. ಕೃಷ್ಣನ ಚಿತ್ರ ಬರೆದಾಗಲೂ ಹಾಗೇ ಮಾಡಿದ್ದೆ. ಮಾವ ನನ್ನಿಂದ ಒಂದು ಗೇಣು ದೂರ ಸರಿದು ಕುಳಿತರು.

ಕೊನೆಗೆ ಹಲೀಮಾ ಬೀ ಒಳಗಿನಿಂದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದರು. ಹನ್ನೆರಡು ಹಾಳೆ. ಕೆನೆಯ ಬಣ್ಣ, ನನಗೆ ಬೇಕಾದಷ್ಟು ದಪ್ಪ, ಉದ್ದಗಲ ಸರಿ. ಮತ್ತು ಎರಡೂ ಕಡೆ ಕನ್ನಡಿಯಂತೆ ಫಳಫಳ. ಬಿಸಿಲಿಗೆ ಹಿಡಿದರೆ ಅದರಲ್ಲಿ ನನ್ನ ಮೂಗು ಕಂಡಿತು.

ಕೂಡಲೇ ಹಲಗೆಯ ಮೇಲೆ ಒಂದು ಹಾಳೆ ಇಟ್ಟು, ಕುಂಚ ನೆನೆಸಿ, ಮೂಲೆಯಲ್ಲಿ ನೀಲಿ ಎಳೆದೆ. ಎಣ್ಣೆ ಹಚ್ಚಿದ ತಲೆಯ ಮೇಲೆ ನೀರು ಹೊಯ್ದಂತೆ ಬಣ್ಣ ಹನಿಹನಿಯಾಗಿ ಉರುಳಿ ನನ್ನ ಧೋತರದ ಮೇಲೆ ಬಿತ್ತು. ಮತ್ತೊಮ್ಮೆ ಎಳೆದೆ, ಮತ್ತೊಮ್ಮೆ ಉರುಳಿತು. ಕಾಗದಕ್ಕೆ ಏನೂ ಆಗಲಿಲ್ಲ. ಮಾವ ಮಾತ್ರ, "ನೋಡಿದೇನು, ಒಂದು ಹನಿ ಒಳಗ ಬಿಡಂಗಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು.

"ಮಾಮಾ, ನೀವು ಇವರಿಗೆ ಏನಂತ ಬರೆದಿದ್ದಿರಿ?"

ಉತ್ತರ ಕೊಟ್ಟವರು ಚಾಚಾ. "ರಾಯರು ಭಾಳ ಛಲೋ ಬರದಿದ್ದರು. ನನ್ನ ಅಳಿಯ ದೊಡ್ಡ ಮಾಸ್ತರ, ಇದು ಹೈದರಾಬಾದಿಗೆ ಸಾಹೇಬರ ಕೈಗೆ ಹೋಗೋದು, ಫರ್ಮಾನು ಬರಿಯೋ ಕಾಗದ ಹ್ಯಾಂಗ ಇರತದ ಹಾಂಗ ಇರಬೇಕು ಅಂತ. ಅದಕ್ಕ ಎರಡೂ ಕಡೆ ಘೋಟಾ ಕೊಡಿಸೀನಿ."

ಘೋಟಾ ಎಂದರೆ ಗಂಜಿ ಹಚ್ಚಿದ ಹಾಳೆಯನ್ನು ಹಲಗೆಯ ಮೇಲಿಟ್ಟು ಅಕೀಕಿನ ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸುವುದು. ಮಸಿದೌತಿಯ ಲೇಖನಿ ಜಾರಿ ಓಡಬೇಕಲ್ಲ, ಅದಕ್ಕೆ. ಮಾವನ ಇಡೀ ಆಯುಷ್ಯ ಅಂಥ ಕಾಗದದ ಮೇಲೆ ಹೋಗಿದೆ. ಅವರ ಪ್ರಕಾರ ಒಳ್ಳೆಯ ಕಾಗದ ಎಂದರೆ ನೊಣ ಕೂತರೆ ಜಾರಿ ಬೀಳಬೇಕು. ನಾನು ನೀರುಬಣ್ಣ ಎಂದು ಬರೆದದ್ದನ್ನು ಅವರು ಓದಿರಲಿಲ್ಲವೆಂದಲ್ಲ. ಬಣ್ಣ ಯಾವುದಿದ್ದರೇನು, ಮರ್ಯಾದೆ ಮುಖ್ಯ ಎಂದು ತಿಳಿದಿದ್ದರು.

ನನಗೆ ತಲೆ ಕೆಟ್ಟುಹೋಯಿತು. ಅಂದದ್ದು ಎಲ್ಲ ಇಲ್ಲಿ ಬರೆಯುವಂತಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಇಲ್ಲಿ ಮಾಡಿದವರು ಮಾವ, ಉಣ್ಣುವವನು ನಾನು ಎಂದೆ. ತೆಂಗಳಿಗೆ ಹೋಗಿ ಗಂಧ ತೇಯುತ್ತೇನೆ, ನೀವು ಬಂದು ಹಚ್ಚಿಕೊಳ್ಳಿರಿ ಎಂದೆ. ನಾನು ಚಾಚಾನ ಕಡೆ ತಿರುಗಿ, ತಿಕ್ಕದೇ ಇದ್ದದ್ದು ನಾಲ್ಕು ಹಾಳೆಯಾದರೂ ಮನೆಯಲ್ಲಿಲ್ಲವೇ ಎಂದು ಕೇಳಿದೆ. ಅವರ ಮುಖ ಸಣ್ಣದಾಯಿತು.

"ಬೋಳು ಕಾಗದ ನಮ್ಮ ಹೊಸ್ತಿಲು ದಾಟಂಗಿಲ್ಲರಿ ಮಾಸ್ತರಸಾಬ್. ನಮ್ಮ ಅಬ್ಬಾನ ಕಾಲದಿಂದ ಹಾಂಗ ಅದ. ಮಂದಿ ಏನಂದಾರು? ಇಸ್ಮಾಯಿಲ್ ಮುದುಕ ಆದ, ಅರ್ಧಾ ಕೆಲಸ ಮಾಡಿ ಮಾರಲಿಕತ್ತಾನ ಅಂತಾರ. ಮತ್ತ ಮಾಡಿ ಕೊಡಬೇಕಂದ್ರ ನಾರು ಮುಗದದ. ಹೊಸ ಪುಂಡಿ ಈಗ ಹೊಳ್ಯಾಗ ಮುಳುಗಸೀನಿ. ಒಂದೂವರಿ ತಿಂಗಳು ಬೇಕು."

ನನಗೆ ಇದ್ದದ್ದು ಹದಿನೈದು ದಿನ.

ಇಷ್ಟು ಹೊತ್ತು ಹಲೀಮಾ ಬೀ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಎಡಗೈಯಿಂದ ಬಲಭುಜವನ್ನು ಒತ್ತಿಕೊಳ್ಳುತ್ತಿದ್ದರು. ತಿಕ್ಕುವ ಕೆಲಸ ಆ ಮನೆಯಲ್ಲಿ ಅವರದು. ಎಷ್ಟು ದಿನ ಹಿಡಿಯಿತು ಎಂದು ನಾನು ಸಿಟ್ಟಿನಲ್ಲೇ ಕೇಳಿದೆ. ಹನ್ನೆರಡು ಹಾಳೆ, ಎರಡು ಕಡೆ, ಇಪ್ಪತ್ತು ದಿನ ಎಂದರು.

"ಬಣ್ಣ ಯಾಕ ನಿಲ್ಲವಲ್ದು, ಹೊಳಪಿಗೇನ್ರಿ?"

ಹೌದೆಂದೆ.

"ಹೋದ ಮಳಿಗಾಲದಾಗ ಮಾಳಿಗಿ ಸೋರಿ ಒಂದು ಕಟ್ಟು ನೆನೀತು. ಎಲ್ಲಾ ಹೊಳಪು ಹೋಗಿ ಮೈ ಒರಟಾಗಿತ್ತು. ನಾ ಮತ್ತ ಕುಂತು ತಿಕ್ಕಿದೆ. ಈಗ ಬೇಕಂತಲೇ ನೆನಸಿದರ ಆಗಂಗಿಲ್ಲೇನು?"

ಚಾಚಾ ಚಾಪೆಯಿಂದ ಎದ್ದುಬಿಟ್ಟರು. "ಏ, ಹುಚ್ಚಿ ಆಗಿಯೇನು? ಆ ಘೋಟಾ ತೊಳೀತಿ? ಈ ವಯಸ್ಸಿನ್ಯಾಗ ಅಂಥಾ ಕೆಲಸ ಮತ್ತ ನಿನ್ನ ಕೈಲೆ ಆಗತದೇನು?"

"ತಿಕ್ಕಿದ ಕೈ ನಂದು, ತೊಳೆಯೋ ಕೈನೂ ನಂದ ಇರಲಿ" ಎಂದು ಹಲೀಮಾ ಬೀ ಎದ್ದರು. ನನ್ನ ಕಡೆ ತಿರುಗಿ, "ಎಷ್ಟು ಬೇಕು ಹೇಳ್ರಿ. ಸುಮ್ಮ ಎಲ್ಲಾ ಹಾಳು ಮಾಡಂಗಿಲ್ಲ" ಎಂದರು.

ನಾಲ್ಕು, ಕೆಟ್ಟರೆ ಇರಲಿ ಎಂದು ಮತ್ತೊಂದು, ಒಟ್ಟು ಐದು ಎಂದೆ. ಹೇಳುವಾಗ ನನ್ನ ದನಿ ಅಷ್ಟೇನೂ ದೊಡ್ಡದಿರಲಿಲ್ಲ.

ಹಲೀಮಾ ಬೀ ಬಿಳಿ ಸೀರೆ ಎತ್ತಿ ಕಟ್ಟಿ, ಹೊಳೆಯ ಮೊಣಕಾಲುದ್ದ ನೀರಿಗೆ ಇಳಿದು ಒಂದೊಂದೇ ಹಾಳೆಯನ್ನು ನೀರಿನ ಮೇಲೆ ಮಲಗಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ಮುಳುಗಿಸಿದರು. ಗಂಜಿ ಕರಗಿ ನೀರಿನಲ್ಲಿ ಬೆಳ್ಳಗೆ ಎಳೆಯಾಗಿ ಹೋಯಿತು. ಎಂಟು ದಿನದ ಕೆಲಸ ಹೋಗಲು ಎಷ್ಟು ಹೊತ್ತು ಬೇಕು? ಒಂದು ಎಲೆ ಹಾಕಿಕೊಂಡು ಉಗುಳುವಷ್ಟು ಹೊತ್ತೂ ಬೇಕಾಗಲಿಲ್ಲ. ಚಾಚಾ ಹೊಳೆಗೆ ಬೆನ್ನು ಮಾಡಿ ಕುಳಿತರು. ಮಾವ ಉಳಿದ ಏಳು ಹಾಳೆಗಳನ್ನು ಎದೆಗೆ ಅಪ್ಪಿಕೊಂಡು, ಇವಕ್ಕೆ ಯಾರೂ ಕೈ ಹಚ್ಚಬ್ಯಾಡ್ರಿ, ಇವು ನನಗಿರಲಿ ಎಂದರು.

ಹಾಳೆಗಳನ್ನು ಗೋಡೆಗೆ ಅಂಟಿಸಿದ್ದು ಬುಧವಾರ ಮಧ್ಯಾಹ್ನ. ಗುರುವಾರ ಬೆಳಿಗ್ಗೆ ನಾನು ಹೋದಾಗ ಒಣಗಿದ್ದವು. ಒಂದನ್ನು ಹಲಗೆಗೆ ಹಚ್ಚಿ ದಂಡೆಯ ಮೇಲೆ ಕುಳಿತು, ಪೂರ್ತಿ ಒದ್ದೆ ಮಾಡಿ, ತಿಳಿನೀಲಿ ಬಿಟ್ಟೆ. ಏನು ಹೇಳಲಿ, ಹನ್ನೆರಡು ವರ್ಷದಲ್ಲಿ ಯಾವ ವಿಲಾಯತಿ ಕಾಗದವೂ ಹಾಗೆ ನನ್ನ ಮಾತು ಕೇಳಿರಲಿಲ್ಲ. ಬಣ್ಣ ನಿಂತೆಡೆ ನಿಂತಿತು, ಹರಿ ಎಂದೆಡೆ ಹರಿಯಿತು. ನಾರು ಅಲ್ಲಲ್ಲಿ ತಲೆಯೆತ್ತಿ ನೀರಿನ ಮೇಲಿನ ಬಿಸಿಲನ್ನು ತಾನೇ ಮಾಡಿಕೊಟ್ಟಿತು. ಎರಡು ತಾಸಿನಲ್ಲಿ ಹೊಳೆ ಬಂತು, ಆಚೆಯ ದಂಡೆ ಬಂತು, ನೀರು ದಾಟುವ ಬಂಡಿ ಬಂತು, ಗೋಡೆಗೆ ಅಂಟಿಸಿದ ಹಾಳೆಗಳು ಬಂದವು. ಸೋಮವಾರದಿಂದ ಮೊದಲ ಸಲ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಹಲೀಮಾ ಬೀ ಬಂದು ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಹೊಳಿ ಬಂದದ, ಬಂಡಿ ಬಂದದ, ನಮ್ಮ ಗೋಡಿನೂ ಬಂದದ" ಎಂದರು. "ನಾ ಎಲ್ಲಿದ್ದೀನ್ರಿ?"

ನಾನು ಚಿತ್ರ ನೋಡಿದೆ. ನೀರಿನಲ್ಲಿ ಅವರು ನಿಂತಿದ್ದ ಜಾಗದಲ್ಲಿ ಛಲೋ ನೀಲಿ ಬಳಿದಿದ್ದೆ. ಆ ಕಾಗದ ಹಾಗೆ ಆದದ್ದು ಅಲ್ಲಿಯೇ, ಹಿಂದಿನ ದಿನ ನಾನು ಕಣ್ಣಾರೆ ನೋಡುತ್ತ ನಿಂತಿದ್ದೆ, ಆದರೂ ಬಂಡಿಯ ಎತ್ತು ನೆನಪಾಯಿತು, ಅವರು ಆಗಲಿಲ್ಲ. ನಾಚಿಕೆಯಿಂದ ನನಗೆ ಮೈಯೆಲ್ಲ ಬಿಸಿಯಾಯಿತು. ಈಗ ಹಾಕುತ್ತೇನೆ ಎನ್ನುವಂತೆಯೂ ಇರಲಿಲ್ಲ. ನೀರುಬಣ್ಣದಲ್ಲಿ ಬಿಳಿ ಎಂಬ ಬಣ್ಣ ಇಲ್ಲ. ಬಿಳಿ ಬೇಕಾದರೆ ಕಾಗದವನ್ನು ಮೊದಲಿನಿಂದಲೇ ಖಾಲಿ ಬಿಟ್ಟುಕೊಂಡು ಬರಬೇಕು. ಒಮ್ಮೆ ನೀಲಿ ಬಿದ್ದ ಮೇಲೆ ಅವರ ಬಿಳಿ ಸೀರೆಯನ್ನು ಯಾವ ಮಾಸ್ತರನೂ ತಿರುಗಿ ತರಲಾರ.

"ಸುಮ್ಮ ಕೇಳಿದೆರಿ" ಎಂದು ಅವರು ಹೊರಟರು.

"ನಿಲ್ರಿ" ಎಂದೆ. "ನಿನ್ನೆ ನಿಂತಲ್ಲಿ ಹೋಗಿ ಒಂದಿಷ್ಟು ನಿಲ್ರಿ."

ಕೆಟ್ಟರೆ ಇರಲಿ ಎಂದು ಇಟ್ಟುಕೊಂಡಿದ್ದ ಐದನೆಯ ಹಾಳೆಯನ್ನು ಹಲಗೆಗೆ ಹಚ್ಚಿದೆ. ಮಾವ ಓಡಿಬಂದು, ರಾಘೂ, ಬರೆದದ್ದು ಇಷ್ಟು ಚಂದ ಆಗಿದೆ, ಮತ್ತೊಂದು ಯಾಕೆ ಕೆಡಿಸುತ್ತೀ, ಮುಂದೆ ಮೂರು ಚಿತ್ರದಲ್ಲಿ ಒಂದು ಕೈ ತಪ್ಪಿದರೂ ನೌಕರಿ ಹೋಯಿತು ಎಂದರು. ಅವರು ಹೇಳಿದ್ದು ಸರಿ ಇತ್ತು, ಇಡೀ ಪ್ರವಾಸದಲ್ಲಿ ಬಸ್ಸಿನ ಮಾತು ಬಿಟ್ಟರೆ ಅದೊಂದೇ. ಚಾಚಾ ಬೇರೆ, ಹೆಂಗಸರನ್ನು ಚಿತ್ರದಲ್ಲಿ ಬರೆದು ಸಾಹೇಬರಿಗೆ ತೋರಿಸುವುದು ಅಷ್ಟು ಸರಿಯಲ್ಲ ಎಂದು ಗೊಣಗಿದರು. ಮುಖ ಬರೆಯುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟೆ.

ಮಾತು ನಡೆಸಿದೆ. ಈ ಸಲ ಹೊಳೆಗೆ ಬಣ್ಣ ಬಿಡುವಾಗ ಅವರು ನಿಂತ ಜಾಗವನ್ನು ಸುತ್ತುಹಾಕಿ ಬಿಟ್ಟೆ. ಬಾಗಿದ ಬೆನ್ನು, ತಲೆಯ ಸೆರಗು, ನೀರಿಗೆ ಚಾಚಿದ ಎರಡು ತೋಳು, ಎಲ್ಲ ಬರಿಯ ಕಾಗದ. ಒಂದು ಹನಿ ಬಣ್ಣ ಇಲ್ಲ. ಮುಗಿಸಿ ತೋರಿಸಿದೆ. ಹಲೀಮಾ ಬೀ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿ ನೋಡಿದರು. "ಹೌದ್ರಿ, ನಾನ. ಬಲಗಡಿ ಭುಜ ಸ್ವಲ್ಪ ಇಳದದ ನೋಡ್ರಿ" ಎಂದರು. ಮೊದಲಿನ ಚಿತ್ರವನ್ನು ಚಾಚಾ ಕೇಳಿ ತೆಗೆದುಕೊಂಡರು. ಗೋಡೆಗೆ ಹಚ್ಚುತ್ತಾರೆಂದು ನಾನು ಹಿಗ್ಗಿದೆ. ಅವರು ಅದನ್ನು ನಾಲ್ಕು ಮಾಡಿ ಹರಿದು ಹೌದಿಗೆ ಹಾಕಿದರು. ನೆನೆದರೆ ಮತ್ತೆ ಕಾಗದ ಆಗುತ್ತದೆಯಂತೆ.

ಶುಕ್ರವಾರ ತಿರುಗಿ ಹೊರಟೆವು. ಬಸ್ಸು ಎರಡು ಕಡೆ ಕೆಟ್ಟಿತು, ಸೇಡಮಿನಲ್ಲಿ ಗಾಡಿ ತಪ್ಪಿತು, ವಾಡಿಯಲ್ಲಿ ಮತ್ತೆ ತಪ್ಪು ಖಿಡಕಿಗೆ ನಿಂತೆ. ರಜೆಗಿಂತ ಒಂದು ದಿನ ಹೆಚ್ಚಾಗಿ ಹೆಡ್ ಮಾಸ್ತರರಿಂದ ಮಾತು ಕೇಳಿಸಿಕೊಂಡೆ. ಆದರೆ ಉಳಿದ ಮೂರು ಹಾಳೆಗಳ ಮೇಲೆ ಶಹಾಬಾದಿನ ಕಲ್ಲಿನ ಖಣಿ, ವಾಡಿಯ ಸ್ಟೇಶನ್ನು, ಸೇಡಮಿನ ಪೇಟೆ ಮೂರೂ ಕೈ ತಪ್ಪದೆ ಬಂದವು. ನಾಲ್ಕನ್ನೂ ಕಟ್ಟಿ ಹೈದರಾಬಾದಿಗೆ ಕಳಿಸಿದೆ.

ಆರು ದಿನದ ಹಿಂದೆ ಉತ್ತರ ಬಂತು. ಮೂರು ಚಿತ್ರ ಪಸಂದಾಗಿವೆ. ನಾಲ್ಕನೆಯದನ್ನು ತಿರುಗಿ ಕಳಿಸಿದ್ದಾರೆ. ಹೊಳೆಯ ನಡುವೆ ಸ್ವಲ್ಪ ಜಾಗ ಬಣ್ಣವಿಲ್ಲದೆ ಉಳಿದಿದೆ, ಅವಸರದಲ್ಲಿ ಬಿಟ್ಟುಹೋದಂತೆ ಕಾಣುತ್ತದೆ, ಅದನ್ನು ತುಂಬಿ ಎಂಟು ದಿನದೊಳಗೆ ಕಳಿಸಿದರೆ ಖಾಯಂ ಮಾಡಲು ಅಡ್ಡಿಯಿಲ್ಲ ಎಂದು ಬರೆದಿದ್ದಾರೆ. ಹೆಂಡತಿ ಓದಿ, ಅಷ್ಟೇ ಏನು, ಒಂದು ಕುಂಚ ನೀಲಿ ಹಾಕಿಬಿಡ್ರಿ ಎಂದಳು. ಮಾವ ಸೇಡಮಿನಿಂದ ಅದನ್ನೇ ಬರೆದರು. ತೆಂಗಳಿಯ ಅಣ್ಣ ಮಾತ್ರ ಏನೂ ಬರೆಯಲಿಲ್ಲ, ಕಾಯುತ್ತಿರಬೇಕು. ನಾನು ಬಣ್ಣದ ಪೆಟ್ಟಿಗೆ ತೆರೆದು, ನೀಲಿ ಕಲಸಿ, ಕುಂಚ ಅದ್ದಿ ಕುಳಿತೆ. ಕುಳಿತೇ ಇದ್ದೆ. ಬಣ್ಣ ತಟ್ಟೆಯಲ್ಲೇ ಒಣಗಿತು.

ಇವತ್ತು ಮಧ್ಯಾಹ್ನದ ಟಪಾಲಿಗೆ ಚಿತ್ರವನ್ನು ಇದ್ದ ಹಾಗೆಯೇ ತಿರುಗಿ ಕಳಿಸಿದೆ. ಜೊತೆಗೆ ಒಂದು ಸಾಲು ಬರೆದೆ: "ಅದು ಬಿಟ್ಟುಹೋದ ಜಾಗವಲ್ಲ ಸಾಹೇಬರೆ, ಅಲ್ಲಿ ಈ ಕಾಗದ ಮಾಡಿದವರು ನಿಂತಿದ್ದಾರೆ."